ಗುಬ್ಬಿ ಚಾರ್ಜ್ ಆಗುವ ತನಕ

ಕೊಪ್ಪದಲ್ಲಿ ನನ್ನ ಗ್ಯಾರೇಜಿಗೆ ಬರೋ ಗಾಡಿಗಳಲ್ಲಿ ನನಗೆ ಕಂಡ್ರಾಗದ್ದು ಅಂದ್ರೆ ಒಂದೇ, ಪ್ರಸನ್ನಕುಮಾರನ ಗುಬ್ಬಿ. ಹೆಸರು ಕೇಳಿ ನಗಬೇಡಿ, ಕಂಪನಿಯವರು ಇಟ್ಟದ್ದೇ ಹಾಗೆ. ಕರೆಂಟ್ ಕಾರು. ನಾಲ್ಕು ಜನ ಕೂರಬಹುದು ಅಂತ ಜಾಹೀರಾತಿನಲ್ಲಿತ್ತು, ನನ್ನಂಥ ಹೊಟ್ಟೆಯವನು ಒಬ್ಬ ಹತ್ತಿದ್ರೆ ಹಿಂದಿನ ಸೀಟು ಚೀಲ ಇಡೋಕೆ ಮಾತ್ರ. ಯಾರೋ ಓದಿದ ಹುಡುಗರು ಸೇರಿ ಕಂಪನಿ ಮಾಡಿದ್ರು, ಊರೂರಲ್ಲಿ ಬ್ಯಾನರ್ ಕಟ್ಟಿದ್ರು, ಒಂದಷ್ಟು ಕಾರು ಮಾರಿದ್ರು, ಆಮೇಲೆ ಒಂದು ದಿನ ಬಾಗಿಲು ಹಾಕ್ಕೊಂಡು ಹೋದ್ರು. ಶಿವಮೊಗ್ಗದಲ್ಲಿ ಅವರ ಶೋರೂಮ್ ಇದ್ದ ಜಾಗದಲ್ಲಿ ಈಗ ಹಾಸಿಗೆ ಮಾರ್ತಾರೆ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಯಾವುದೋ ಹೆಂಗಸು ಎತ್ತಿ, “ಮತ್ತೆ ಕಾರಿನವ್ರಾ? ನನ್ನ ತಲೆ ತಿನ್ಬೇಡಿ” ಅಂತ ಬೈದು ಇಡ್ತಾಳೆ. ನಂಬರ್ ಬೇರೆಯವರ ಪಾಲಾಗಿದೆ, ಪಾಪ, ಅವಳದ್ದೇನು ತಪ್ಪು.

ಒಂದು ಸ್ಕ್ರೂ ಬೇಕಂದ್ರೂ ಸಿಗಲ್ಲ. ಮೊಬೈಲಿನಲ್ಲಿ ಕಾರಿನದ್ದೇ ಒಂದು ಆಪ್ ಇತ್ತು, ಅದೂ ಸತ್ತಿದೆ. ಗುಬ್ಬಿ ಇಟ್ಟುಕೊಂಡವರದ್ದೊಂದು ವಾಟ್ಸಾಪ್ ಗ್ರೂಪ್ ಇತ್ತಂತೆ. ಮೊದಲು ಅಲ್ಲಿ ಸಂತೆ, ಆಮೇಲೆ ಜಗಳ, ಆಮೇಲೆ ಒಬ್ಬೊಬ್ರೇ ಕಾರು ಗುಜರಿಗೆ ಹಾಕಿ ಗ್ರೂಪ್ ಬಿಟ್ರು. ಈಗ ಉಳಿದದ್ದು ಪ್ರಸನ್ನ, ಮತ್ತೆ ಹಾಸನದ ಒಬ್ರು ಮೇಷ್ಟ್ರು. ಮೇಷ್ಟ್ರು ಬೆಳಿಗ್ಗೆ ಹೂವಿನ ಚಿತ್ರ ಹಾಕಿ ಶುಭೋದಯ ಅಂತಾರೆ, ಇವನು ಕೈ ಮುಗಿಯೋ ಚಿತ್ರ ಹಾಕ್ತಾನೆ. “ಎಂತ ಗ್ರೂಪ್ ಮಾರಾಯ ಅದು, ಇಬ್ಬರದ್ದು?” ಅಂತ ನಾನು ನಕ್ಕಿದ್ದಕ್ಕೆ, “ಬೆಳಿಗ್ಗೆ ನನ್ನನ್ನ ನೆನೆಸಿ ಬರೋ ಮೆಸೇಜ್ ಅದೊಂದೇ ಯಜ್ಞೇಶಣ್ಣ” ಅಂದ. ನನ್ನ ನಗು ಅಲ್ಲೇ ನಿಂತ್ಹೋಯ್ತು.

ಪ್ರಸನ್ನ ನರಸಿಂಹರಾಜಪುರದವನು. ತಾಲೂಕು ಆಫೀಸಿನ ಹತ್ರ ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಅರ್ಜಿ, ಮದುವೆ ಕಾಗದ ಅಂತ ದಿನವಿಡೀ ಜನ. ಸಂಜೆ ಶಟರ್ ಎಳೆದ ಮೇಲೆ ಮಾತಾಡೋಕೆ ಮನೆ ಗೋಡೆ. ತಾಯಿ ಇವನು ಸಣ್ಣವನಿದ್ದಾಗಲೇ ಹೋದ್ರು, ತಂದೆ ರೇಣುಕಪ್ಪನವರು ಹೋಗಿಯೂ ವರ್ಷಗಳಾದ್ವು. ಹೆಂಡತಿ ರಮ್ಯ, ಶೃಂಗೇರಿ ಹತ್ರ ಮೆಣಸೆಯ ಹೂವಪ್ಪಗೌಡರ ಮಗಳು. ಮೆಚ್ಚಿ ಮದುವೆಯಾದವರು. ಇವರು ಲಿಂಗಾಯತರು, ಅವರು ಗೌಡರು, ಎರಡೂ ಕಡೆ ಒಂದಿಷ್ಟು ದಿನ ಮುಖ ಊದಿಸ್ಕೊಂಡದ್ದು ಬಿಟ್ರೆ ದೊಡ್ಡ ಗಲಾಟೆ ಏನೂ ಆಗ್ಲಿಲ್ಲ. ಆಮೇಲೆ ಬೇರೆಯಾದದ್ದೂ ಹಾಗೇ, ಗಲಾಟೆ ಇಲ್ಲದೆ. ಕುಡಿತ ಇಲ್ಲ, ಹೊಡೆತ ಇಲ್ಲ. ಇಬ್ರೂ ಮಾತು ಬಿಟ್ರು, ಯಾರು ಮೊದಲು ಮಾತಾಡೋದು ಅಂತ ಕಾದು ಕಾದು ಅದೇ ಗಟ್ಟಿಯಾಯ್ತು. ಮಗಳು ನಿಶ್ಚಿತಾ ತಾಯಿ ಹತ್ರ ಇರಬೇಕು, ತಂದೆ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನದ ತನಕ ಹೋಗಿ ನೋಡಬಹುದು ಅಂತ ಕೋರ್ಟಿನಲ್ಲಿ ಆಯ್ತು.

ಆ ಕಾರು ತಗೊಂಡದ್ದು ಬೇರೆಯಾಗೋಕೆ ಮುಂಚೆ, ಅದೂ ಮಗಳಿಗಾಗಿಯೇ. ಕೂಸಿಗೆ ಡೀಸೆಲ್ ವಾಸನೆ ಬಂದ್ರೆ ಸಾಕು, ವಾಂತಿ. ಬಸ್ಸು ಹತ್ತಿಸಿದ್ರೆ ಶೃಂಗೇರಿ ಮುಟ್ಟೋದ್ರೊಳಗೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ನಿಂಬೆಹಣ್ಣು ಮೂಸಿಸಿ ಮೂಸಿಸಿ ಸಾಕಾಗಿ, ವಾಸನೆ ಇಲ್ಲದ ಕಾರು ಬಂದಿದೆ ಅಂತ ಕೇಳಿದ್ದೇ ಓಡಿ ಹೋಗಿ ತಂದ. ಮೊದಲ ಸಲ ಅದರಲ್ಲಿ ಅಜ್ಜಿ ಮನೆಗೆ ಹೋಗಿ ಇಳಿದ ಕೂಸು, “ಅಪ್ಪ, ನಂಗೆ ವಾಂತಿ ಬರ್ಲೇ ಇಲ್ಲ” ಅಂದಿತ್ತಂತೆ. ಇದನ್ನ ನನಗೆ ಎಷ್ಟು ಸಲ ಹೇಳಿದಾನೋ ಲೆಕ್ಕ ಇಲ್ಲ. ಆ ಡಬ್ಬ ಗುಜರಿಗೆ ಹಾಕಿ ಬೇರೆ ತಗೋ ಅಂತ ನಾನು ಬೈದಾಗೆಲ್ಲ ಇದೇ ಕಥೆ ತೆಗೀತಿದ್ದ.

ಅವನಿಗೆ ಇದ್ದದ್ದು ಅಂದ್ರೆ ಆ ಎರಡು ಭಾನುವಾರ. ಉಳಿದ ದಿನ ಎಲ್ಲ ಅದಕ್ಕೆ ಕಾಯೋದು. ಅಲ್ಲಿ ಹೋಗಿಯಾದ್ರೂ ನೆಮ್ಮದಿ ಉಂಟಾ? ಜಗಲಿಯ ತುದಿಯಲ್ಲಿ ಕೂರೋದು, ಬ್ಯಾಂಕಿನಲ್ಲಿ ಸರದಿ ಕಾಯೋರ ಥರ. ಮೊದಲು ಅತ್ತೆ, ಮಾವ ಅಂತ ಬಾಯ್ತುಂಬ ಕರೀತಿದ್ದವನಿಗೆ ಈಗ ಏನಂತ ಕರೀಬೇಕು ಅಂತಲೇ ಗೊತ್ತಿಲ್ಲ. ಅತ್ತೆ ಅನ್ನೋ ಹಾಗಿಲ್ಲ, ರಾಧಮ್ಮ ಅನ್ನೋಕೆ ನಾಲಿಗೆ ಏಳಲ್ಲ. ಹಾಗಾಗಿ ಯಾರನ್ನೂ ಏನೂ ಕರೆಯದೆ, ಅವರ ಮುಖ ಈ ಕಡೆ ತಿರುಗೋ ತನಕ ಕಾದು ಮಾತಾಡ್ತಿದ್ದ. ರಾಧಮ್ಮನೂ ಇವನನ್ನ “ಇವರೇ” ಅಂತಿದ್ರು. ಮಗಳೋ, ವರ್ಷ ಹೋದ ಹಾಗೆ ಮಾತೇ ಕಡಿಮೆ. ಶಾಲೆ ಹೇಗಿದೆ? ಚೆನ್ನಾಗಿದೆ. ತಿಂಡಿ ಆಯ್ತಾ? ಹೂಂ. ಅಷ್ಟೊತ್ತಿಗೆ ಮಧ್ಯಾಹ್ನ. ಎದ್ದು ಬರೋದು.

ಈ ನಡುವೆ ಗುಬ್ಬಿಯ ಬ್ಯಾಟರಿ ಸೊರಗಿತು. ಮೊದಲೆಲ್ಲ ಒಂದೇ ಚಾರ್ಜಿನಲ್ಲಿ ಮೆಣಸೆಗೆ ಹೋಗಿ ಎನ್.ಆರ್. ಪುರಕ್ಕೆ ವಾಪಸ್ ಬರ್ತಿತ್ತು, ಈಗ ಹೋಗೋದು ಮಾತ್ರ. ವಿಧಿಯಿಲ್ಲದೆ ಒಂದು ಭಾನುವಾರ ಹೂವಪ್ಪನವರ ಹತ್ರ ಪ್ಲಗ್ ಕೇಳಿದ. “ಕೊಟ್ಟಿಗೆ ಗೋಡೆಯಲ್ಲಿ ಹುಲ್ಲು ಕತ್ತರಿಸೋ ಮಷೀನಿಂದು ಇದೆ, ಹಾಕ್ಕೊಳ್ಳಿ” ಅಂದ್ರು ಅವರು. ಮನೆ ಪ್ಲಗ್ಗಿನಲ್ಲಿ ಆ ಕಾರು ಚಾರ್ಜ್ ಆಗೋದು ಅಂದ್ರೆ ಅದೊಂದು ಯಾಗ. ಮಧ್ಯಾಹ್ನ ಆಯ್ತು, ಕೋರ್ಟು ಕೊಟ್ಟ ಹೊತ್ತು ಮುಗೀತು, ಗುಬ್ಬಿ ಮಾತ್ರ ಅಲ್ಲಾಡಲ್ಲ. ಇವನು ಅಂಗಳದಲ್ಲಿ ಕಾರಿನ ನೆರಳಲ್ಲಿ ನಿಂತ.

ನಮ್ಮ ಕಡೆ ಅದೊಂದುಂಟು. ಊಟದ ಹೊತ್ತಿಗೆ ಅಂಗಳದಲ್ಲಿ ಮನುಷ್ಯ ಇದ್ರೆ, ಅವನ ಮೇಲೆ ಎಷ್ಟೇ ಮುನಿಸಿರಲಿ, ಒಳಗಿನವರಿಗೆ ಅನ್ನ ಇಳಿಯಲ್ಲ. ರಾಧಮ್ಮ ಒಂದಷ್ಟು ಹೊತ್ತು ಒಳಗೂ ಹೊರಗೂ ಓಡಾಡಿ, ಕೊನೆಗೆ ತಡೀಲಾರದೆ, “ಇವರೇ, ಎಲೆ ಹಾಕಿದೀನಿ, ಕೈಕಾಲು ತೊಳ್ಕೊಳ್ಳಿ” ಅಂದ್ರಂತೆ. ಊಟ ಆಯ್ತು. ಉಂಡವನು ಅರ್ಧ ಚಾರ್ಜಿನಲ್ಲಿ ಎಲ್ಲಿಗೆ ಹೋಗ್ತಾನೆ? ಸಂಜೆ ಕಾಫಿಯೂ ಆಯ್ತು. ಒಳಗೆ ಶಾಲೆ ಮಕ್ಕಳ ಪೇಪರ್ ತಿದ್ದುತ್ತಿದ್ದ ರಮ್ಯ, “ಚಾರ್ಜ್ ಆಗ್ಲಿ ಬಿಡಿ, ದಾರೀಲಿ ನಿಂತ್ರೆ ಕಷ್ಟ” ಅಂದಳಂತೆ. ಅಲ್ಲಿಂದ ಅದೇ ರೂಢಿ. ನಾನು ಬೈದ ಅದೇ ಹಾಳು ಬ್ಯಾಟರಿ ಅವನ ಭಾನುವಾರಾನ ಸಂಜೆ ತನಕ ಎಳೀತು.

ವಾಪಸ್ ಬರೋವಾಗ ನನ್ನ ಗ್ಯಾರೇಜಿನ ಎದುರು ನಿಲ್ಲಿಸಿ ಚಾ ಕುಡೀತಿದ್ದ. ಬಾಯಿ ಬಿಚ್ಚಿ ಮಾತಾಡ್ತಿದ್ದದ್ದು ಅವತ್ತು ಮಾತ್ರ. “ಚೌಕಾಬಾರ ಆಡಿದ್ವಿ ಯಜ್ಞೇಶಣ್ಣ, ಸೋತೆ” ಅನ್ನೋನು, ಗೆದ್ದವನ ಮುಖ ಮಾಡ್ಕೊಂಡು. ಆಮೇಲೆ ತಣ್ಣಗಾಗೋನು. “ಆದ್ರೆ ನಾನು ಬಂದದ್ದು ಅವಳಿಗೆ ಬೇಕೋ ಬೇಡ್ವೋ ಅಂತ್ಲೇ ಗೊತ್ತಾಗಲ್ಲ. ಆಟದ ಮಧ್ಯೆ ಎದ್ದು ಎಲ್ಲಿಗೋ ಹೋಗ್ತಾಳೆ, ಬರ್ತಾಳೆ. ಏನು ಮಗಾ ಅಂದ್ರೆ ಏನಿಲ್ಲ ಅಂತಾಳೆ. ದೊಡ್ಡೋಳಾದ್ಮೇಲೆ ಬರ್ಬೇಡ ಅಂದ್ಬಿಟ್ರೆ?” ಚಾ ಆರಿಹೋಗತ್ತೆ ಕುಡಿ ಅಂತಿದ್ದೆ.

ಒಂದು ಭಾನುವಾರ ಸಂಜೆಯಾದ್ರೂ ಚಾರ್ಜ್ ತುಂಬಲಿಲ್ವಂತೆ, ಕತ್ತಲಾಗತ್ತೆ ಅಂತ ಹಾಗೇ ಹೊರಟ, ಹರಿಹರಪುರ ದಾಟಿದ ಮೇಲೆ ಗುಬ್ಬಿ ನಿಂತೇ ಹೋಯ್ತು. ಫೋನ್ ಬಂತು, ಜೀಪ್ ತಗೊಂಡು ಹೋಗಿ ಹಗ್ಗ ಕಟ್ಟಿ ಎಳ್ಕೊಂಡು ಬಂದೆ. ದಾರಿಯುದ್ದ ಆ ಕಂಪನಿಯವರ ವಂಶಾನೇ ಜಾಲಾಡಿದೆ. ಚಾರ್ಜರ್ ಬಿಚ್ಚಿ ನೋಡಿದ್ರೆ ಏನೂ ತೊಂದ್ರೆ ಇಲ್ಲ. ಮುಂದಿನ ಸಲವೂ ಅದೇ ಕಥೆ, ಅದೇ ಹಗ್ಗ. ಅದರ ಮುಂದಿನ ಸಲ ಬಂದವನು ಚಾ ಬೇಡ ಅಂದ. ಮುಖ ಕಪ್ಪಿಟ್ಟಿತ್ತು.

“ಚಾರ್ಜ್ ಯಾಕೆ ಹಿಡೀತಿಲ್ಲ ಅಂತ ಗೊತ್ತಾಯ್ತು. ವೈರ್ ಹಾಗೇ ಇರತ್ತೆ, ಯಾರೋ ಬಂದು ಸ್ವಿಚ್ ಆಫ್ ಮಾಡ್ತಾರೆ. ಇವತ್ತು ನಾನು ಆನ್ ಮಾಡಿ ಬಂದು ಊಟಕ್ಕೆ ಕೂತೆ, ಎದ್ದು ನೋಡಿದ್ರೆ ಮತ್ತೆ ಆಫ್.”

“ಯಾರು?”

“ಇನ್ಯಾರು? ಆ ಮನೇಲಿ ನನ್ನ ಮೇಲೆ ಹಗೆ ಯಾರಿಗೆ? ಹೂವಪ್ಪನೋರೇ. ನಮ್ಮನೆ ಕರೆಂಟ್ ಮುಟ್ಬೇಡ ಅಂತ ಬಾಯಲ್ಲೇ ಹೇಳಿದ್ರೆ ಆಗ್ತಿರ್ಲಿಲ್ವಾ?”

“ನೇರ ಕೇಳು ಮಾರಾಯ!”

“ಏನಂತ ಕರೆದು ಕೇಳ್ಲಿ? ಮಾವ ಅನ್ಲಾ?” ಅಂದ. ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, “ಏನಾದ್ರೂ ಮಾಡಿ ಇದನ್ನ ಸರಿ ಮಾಡ್ಕೊಡಿ. ಹೋಗಿ ಬರೋಕೆ ಸಾಕಾದ್ರೆ ಆಯ್ತು. ಅವರ ಹಂಗು ನಂಗೆ ಬೇಡ” ಅಂದ.

ನನಗೂ ಪಿತ್ತ ನೆತ್ತಿಗೇರಿತು. ತೀರ್ಥಹಳ್ಳಿಯಲ್ಲಿ ಮರಕ್ಕೆ ಗುದ್ದಿ ಮೂಲೆ ಸೇರಿದ್ದ ಇನ್ನೊಂದು ಗುಬ್ಬಿ ಇತ್ತು, ಮೈ ನುಜ್ಜುಗುಜ್ಜಾಗಿದ್ರೂ ಬ್ಯಾಟರಿ ಗಟ್ಟಿ. ಅದನ್ನ ತಂದು, ಬೈದು, ಬಡಿದು, ಇದಕ್ಕೆ ಕೂರಿಸಿದೆ. ಕುದುರೆ ಥರ ಓಡ್ತು. ಆದ್ರೂ ದಾರೀಲಿ ಕೈ ಕೊಟ್ರೆ ಅಂತ ಮೊದಲ ಭಾನುವಾರ ನಾನೂ ಹತ್ತಿ ಕೂತೆ.

ಮೆಣಸೆ ಮುಟ್ಟೋವಾಗ ಬಿಸಿಲು ಏರಿತ್ತು. ಅಂಗಳದಲ್ಲಿ ಕಾಳುಮೆಣಸು ಹರಡಿದ್ರು. ನಿಶ್ಚಿತಾ ಮೆಟ್ಟಿಲ ಮೇಲೆ ಕೂತಿತ್ತು, ಎರಡು ಜಡೆ, ಬರಿಗಾಲು. ಕಾರು ನಿಂತ ಕೂಡಲೇ ಎದ್ದು ಕೊಟ್ಟಿಗೆ ಹತ್ರ ಹೋಗಿ, ಪ್ಲಗ್ಗಿಗೆ ಅಡ್ಡ ಇದ್ದ ಬುಟ್ಟಿ ಸರಿಸಿ ನಿಂತ್ಕೊಂತು. ಪ್ರಸನ್ನ ವೈರ್ ತೆಗೀಲೇ ಇಲ್ಲ.

“ಅಪ್ಪ, ಚಾರ್ಜ್?”

“ಬೇಡ ಮಗಾ, ಈಗ ಸರಿಯಾಗಿದೆ.”

ಕೂಸಿನ ಮುಖ ಸಣ್ಣಗಾಯ್ತು. ನಾನು ನೋಡಿದೆ. ಅವನು ನೋಡ್ಲಿಲ್ಲ, ಅವನ ಕಣ್ಣೆಲ್ಲ ಜಗಲಿಯಲ್ಲಿ ಪೇಪರ್ ಹಿಡಿದು ಕೂತಿದ್ದ ಹೂವಪ್ಪನವರ ಮೇಲೆ. ಅವರೋ, “ಏನು, ನಮ್ಮನೆ ಕರೆಂಟು ಕಹಿಯಾಯ್ತಾ?” ಅಂತ ನಕ್ರು. ತಮಾಷೆಗೇ ಅಂದದ್ದು. ಇವನಿಗೆ ಗಾಯಕ್ಕೆ ಉಪ್ಪು ಸವರಿದ ಹಾಗಾಯ್ತು, ಹಲ್ಲು ಕಚ್ಚಿ ಕೂತ. ಮಗಳು ಅವತ್ತು ಚೌಕಾಬಾರದ ಮಣೆ ತರ್ಲಿಲ್ಲ. ತಂದೆಯಿಂದ ದೂರ ಕಂಬಕ್ಕೆ ಒರಗಿ ಉಗುರು ಕಚ್ತಾ ಕೂತಿತ್ತು. ಇವನು ಶಾಲೆ ಕೇಳಿದ, ಪರೀಕ್ಷೆ ಕೇಳಿದ. ಹೂಂ, ಹೂಂ. ಅಷ್ಟೇ.

ಒಳಗಿಂದ ಒಗ್ಗರಣೆ ವಾಸನೆ ಬರೋ ಹೊತ್ತಿಗೆ ಎದ್ದು ನಿಂತ. ರಾಧಮ್ಮ ಸೌಟು ಹಿಡ್ಕೊಂಡೇ ಹೊರಗೆ ಬಂದ್ರು.

“ಇದೇನು ಇವರೇ, ಊಟದ ಹೊತ್ತಿಗೆ ಏಳೋದಾ? ಕಡುಬು ಇಟ್ಟಿದೀನಿ.”

“ಬೇಡ, ಹೊರಡ್ತೀವಿ. ಇನ್ಮೇಲೆ ನಾನು ಸಂಜೆ ತನಕ ಇಲ್ಲಿ ಕೂರೋ ಅಗತ್ಯ ಇಲ್ಲ.”

ಹೂವಪ್ಪನವರಿಗೆ ತಾಗ್ಲಿ ಅಂತ ಆಡಿದ ಮಾತು. ತಾಗಿದ್ದು ಬೇರೆ ಕಡೆ.

ನಾವು ಕಾರಲ್ಲಿ ಕೂತಿದ್ವಿ. ಕೂಸು ಓಡಿ ಬಂತು, ಒಣಗಿಸಿದ ಮೆಣಸಿನ ಮೇಲೇ. ಅಜ್ಜಿ ಕೂಗಿದ್ರೂ ಕೇಳ್ಲಿಲ್ಲ. ಬಾಗಿಲು ಹಾಕೋಕೆ ಬಿಡದೆ ಎರಡೂ ಕೈಯಲ್ಲಿ ಹಿಡ್ಕೊಂತು. ಮೂಗು, ಕಣ್ಣು ಎಲ್ಲ ಕೆಂಪು.

“ಅಪ್ಪ, ನಾನು ಇನ್ಮೇಲೆ ಸ್ವಿಚ್ ಆಫ್ ಮಾಡಲ್ಲ. ದೇವ್ರಾಣೆ ಮಾಡಲ್ಲ. ಸಿಟ್ಟು ಮಾಡ್ಕೋಬೇಡ. ಚಾರ್ಜ್ ಹಾಕು.”

ಪ್ರಸನ್ನ ಅವಳ ಮುಖಾನೇ ನೋಡ್ದ. “ನೀನಾ ಆಫ್ ಮಾಡ್ತಿದ್ದದ್ದು? ಯಾಕೆ ಮಗಾ?”

“ಫುಲ್ ಆದ್ರೆ ನೀನು ಹೋಗ್ತೀಯಲ್ಲ.”

ಜಗಲಿಯಲ್ಲಿ ಹೂವಪ್ಪನವರು ಪೇಪರ್ ಕೆಳಗಿಟ್ರು. ಪ್ರಸನ್ನ ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತ. ನಾಚಿಕೆ ಬಿಟ್ಟು, ಸಣ್ಣ ಮಕ್ಕಳ ಹಾಗೆ ಅತ್ತ. ನನಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ಎದುರಿಗೆ ಚಾರ್ಜ್ ತೋರಿಸೋ ಆ ದರಿದ್ರ ಸ್ಕ್ರೀನನ್ನೇ ನೋಡ್ತಾ ಕೂತೆ.

ಆಮೇಲೆ ಅವನು ಇಳಿದು, ಡಿಕ್ಕಿ ತೆಗೆದು, ವೈರ್ ಹೊರಗೆಳೆದ. ನಾನು ಕೂರಿಸಿದ ಬ್ಯಾಟರಿ ಮಾರಾಯ್ರೆ, ಅದಕ್ಕೆ ಆಗ ಚಾರ್ಜಿನ ಅಗತ್ಯವೇ ಇರ್ಲಿಲ್ಲ. ಹೂವಪ್ಪನವರು ಹೆಂಡತಿ ಕಡೆ ತಿರುಗಿ, “ರಾಧಾ, ಎಲೆ ಹಾಕು” ಅಂದ್ರು. ಕೂಸು ಮುಂಗೈಯಲ್ಲಿ ಮೂಗು ಒರೆಸ್ಕೊಂಡು ತಾನೇ ಹೋಗಿ ಸ್ವಿಚ್ ಹಾಕಿತು.

“ಎಷ್ಟು ಹೊತ್ತು ಬೇಕು ಅಪ್ಪ?”

“ಸಂಜೆ ಆಗತ್ತೆ.”

“ಆಮೇಲೆ ಹೋಗ್ಲೇಬೇಕಾ?”

ಪ್ರಸನ್ನ ಅದರ ಜಡೆ ಸರಿಮಾಡಿದ.

“ಹೂಂ ಮಗಾ, ಹೋಗ್ಲೇಬೇಕು.”