ಕುರುಗೋಡು ಹಸಿರಾದ ಕಥೆ

ಗೆಳೆಯರೇ, ಓಪನ್ ಸೋರ್ಸ್‌ನಲ್ಲಿ ಏನು ಬೇಕಾದರೂ ಬದಲಾಯಿಸಬಹುದು ಎಂದು ಯಾರ ಮುಂದೆಯೂ ಬಾಯಿ ಬಿಡಬೇಡಿ. ನಾನು ಇವತ್ತು ಬಿಟ್ಟು ಕೆಟ್ಟೆ.

ನಮ್ಮ ಸಾವ್ಕಾರರಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಗಳಿವೆ. ಯಾವ ಅಂಗಡಿಯ ವ್ಯಾಪಾರ ಹೇಗಿದೆ ಎಂದು ತೋರಿಸುವ ದುಬಾರಿ ಸಾಫ್ಟ್‌ವೇರ್ ಬಿಡಿಸಿ, ಪುಕ್ಕಟೆ ಸಿಗುವ ಓಪನ್ ಸೋರ್ಸ್ ಒಂದನ್ನು ಹಾಕಿಕೊಟ್ಟೆ. ಮೂರೂ ಅಂಗಡಿಯವರನ್ನು ಕೂರಿಸಿ, ಅದರ ಗುಣಗಾನ ಮಾಡಿ ತೆರೆದರೆ ಕುರುಗೋಡು ಕೆಂಪಗೆ ಬಂತು, ಅಂದರೆ ನಷ್ಟ. ಆ ಅಂಗಡಿ ನೋಡಿಕೊಳ್ಳುವವನು ಸಾವ್ಕಾರರ ಹೆಂಡತಿಯ ತಮ್ಮ. ಅವನ ಮುಖವೂ ಕೆಂಪಗಾಯಿತು.

“ಹಳೇದರಾಗೂ ಕೆಂಪೇ ಇತ್ತಲ್ರಿ,” ಎಂದೆ.

“ಅದರಾಗ ಬಣ್ಣ ಬದ್ಲಿ ಮಾಡಾಕ ಬರಂಗಿಲ್ಲ ಅಂತ ಆ ಕಂಪನಿಯವ್ರು ಅಂದಿದ್ರು, ಸುಮ್ನಿದ್ದೆ. ಇದರಾಗ ಏನ್ ಬೇಕಾದ್ರೂ ಮಾಡಬೌದು ಅಂತ ಈಗ ನೀವ ಹೇಳಿದ್ರಲ್ಲ? ಹಸಿರು ಮಾಡ್ರಿ!” ಎಂದ ಅವನು.

ಅಷ್ಟರಲ್ಲಿ ಸಾವ್ಕಾರರಿಗೆ ಮನೆಯಿಂದ ಫೋನ್. ಎರಡು ಸಲ ‘ಹೂಂ’ ಎಂದು ಇಟ್ಟವರೇ, “ಮಾಡಿಬಿಡ್ರಿ ಅತ್ಲಾಗ,” ಎಂದರು.

ಮಾಡಿದೆ. ತಕ್ಷಣ ಸಿರುಗುಪ್ಪದ ಮ್ಯಾನೇಜರ್ ಎದ್ದ. “ಹಂಗಾರ ನಮ್ದು ಇನ್ನಾ ಕಡುಹಸಿರು ಮಾಡ್ರಿ. ನಾವು ಖರೇನ ವ್ಯಾಪಾರ ಮಾಡೀವಿ.”

ಎಲ್ಲರೂ ಹೋದ ಮೇಲೆ ಸಾವ್ಕಾರರು ಮೆಲ್ಲಗೆ ಕರೆದರು. “ಆ ಕಂಪನಿಯವ್ರಿಗೆ ರೊಕ್ಕ ಕೊಡ್ತಿದ್ದಿದ್ದ ‘ಬರಂಗಿಲ್ಲ’ ಅನ್ನಾಕ್ರಿ. ನಾಳಿಂದ ಯಾರು ಏನ್ ಕೇಳಿದ್ರೂ ನೀವೂ ಹಂಗ ಅನ್ರಿ.”

“ಹಂಗಾದ್ರ ಆ ರೊಕ್ಕದಾಗ ನನ್ನ ಪಗಾರ ಸ್ವಲ್ಪ ಏರಿಸ್ರಿ,” ಎಂದೆ.

“ಏರಸಾಕ ಬರಂಗಿಲ್ಲ,” ಎಂದರು.