ಬೆಚ್ಚಗಿನ ಹೆಬ್ಬೆರಳು

ಯಾರಿಗೂ ಖಾತೆಯಿರದಿದ್ದ ನಿಪ್ಪಾಣಿಯ ನಮ್ಮ ಓಣಿಗೆ ಬ್ಯಾಂಕನ್ನೇ ಚೀಲದಲ್ಲಿ ಹೊತ್ತು ತಂದವಳು ಆಕೆ. ಬೀಡಿ ಕಟ್ಟುವ ಹೆಂಗಸರಿಗೆ ಅವಳು ಮಷಿನ್ ಅಕ್ಕ. ಅವರ ಹೆಬ್ಬೆರಳನ್ನು ತನ್ನ ಸೆರಗಿನಿಂದಲೇ ಒರೆಸಿ, ಬೆರಳಚ್ಚು ಓದುವ ಮಷಿನ್ನಿನ ಗಾಜಿನ ಮೇಲೆ ಒತ್ತಿಸಿ, "ಮಷಿನ್ ಸುಳ್ಳ ಹೇಳಂಗಿಲ್ರಿ" ಎನ್ನುತ್ತಿದ್ದಳು.

ಪಕ್ಕದ ಮನೆಯ ಆಯಿಯ ಬೆರಳನ್ನು ಮಾತ್ರ ಮಷಿನ್ ಒಮ್ಮೆಯೂ ಒಪ್ಪಲಿಲ್ಲ. ಬೀಡಿ ಸುತ್ತಿ ಸುತ್ತಿ ಗೆರೆಗಳೇ ಸವೆದಿದ್ದವು. ಪಿಂಚಣಿ ಬ್ಯಾಂಕಿನಲ್ಲೇ ಉಳಿಯಿತು. "ನಾ ನಾನ ಅದೀನಿ ಅಂತ ಅದಕ್ಕ ಹೇಳವ್ವಾ" ಎಂದು ಆಯಿ ನಗುತ್ತಿದ್ದಳು.

ಆಯಿ ತೀರಿಕೊಂಡ ಬೆಳಿಗ್ಗೆ ಮಷಿನ್ ಅಕ್ಕ ನೋಡಲು ಬಂದಳು. ಹೆಣಕ್ಕೆ ಬಿಸಿನೀರು ಹಾಕಿ ಮುಗಿದಿತ್ತು.

"ಒಮ್ಮಿ ಒತ್ತಿ ನೋಡ್ರಿ ಅಕ್ಕಾರ, ಮಣ್ಣಿನ ಖರ್ಚಿಗೆ ಬೇಕಾಗೈತ್ರಿ" ಎಂದು ಮಗ ಕೈಮುಗಿದ.

ಹೇಗೂ ಒಪ್ಪುವುದಿಲ್ಲವೆಂಬ ಧೈರ್ಯದ ಮೇಲೆ ಅವಳು ಮಷಿನ್ ತೆಗೆದಳು. ನೀರಿಗೆ ನೆನೆದು ಮೆತ್ತಗಾಗಿದ್ದ ಹೆಬ್ಬೆರಳನ್ನು ಮಗ ಗಾಜಿಗೆ ಒತ್ತಿದ. ಹಸಿರು ದೀಪ ಹತ್ತಿತು. ಒಳಗಿನ ಹೆಣ್ಣುದನಿ ಆಯಿಯ ಹೆಸರು ಹಿಡಿದು ಸ್ವಾಗತ ಹೇಳಿತು.

ಅವಳು ಮಷಿನ್ ಬಂದ್ ಮಾಡಿ ಎದ್ದು ಹೋದಳು.

ಮುಂದಿನ ತಿಂಗಳೂ ಓಣಿಗೆ ಬಂದಳು. ಹಳೆಯ ಮಾತು ಮಾತ್ರ ಮತ್ತೆ ಅವಳ ಬಾಯಲ್ಲಿ ಬರಲಿಲ್ಲ. ಪ್ರತಿಯೊಬ್ಬರ ಕೈಯನ್ನೂ ತನ್ನ ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು; ಮಷಿನ್ ಚೀಲದಿಂದ ಹೊರಬರುತ್ತಿದ್ದುದು ಆಮೇಲೆಯೇ.

"ಬೆಚ್ಚಗೈತಿ. ಈಗ ಇಡ್ರಿ."