ಲಾರಿ ಹತ್ತಿಸಿ ಸೇತುವೆ ಬೀಳಿಸಿದವರು

ವಿದ್ಯಾರ್ಥಿಗಳು 'ಸೇತುವೆ ಮೇಡಂ' ಎಂದೇ ಕರೆಯುವ ಉಪನ್ಯಾಸಕಿ ಅಂದು ಕಾಲೇಜಿನ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಒಳಗೆ ಅರವತ್ತು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರದೆಯ ಮೇಲೆ ಸೇತುವೆ ಕಟ್ಟಿ, ಅದರ ಮೇಲೆ ಲಾರಿಯ ಹಿಂದೆ ಲಾರಿ ಹತ್ತಿಸಿ ಬೀಳಿಸುತ್ತಿದ್ದರು. ಬಿದ್ದಾಗಲೆಲ್ಲ ಹೋ ಎಂಬ ಕೂಗು.

ಆ ಆನ್‌ಲೈನ್ ಆಟವನ್ನು ಸಿದ್ಧಪಡಿಸಿದವರು ಮೇಡಂ ಅವರೇ. ಸೇತುವೆಯ ಯಾವ ಸರಳಿನ ಮೇಲೆ ಎಷ್ಟು ಭಾರ ಬೀಳುತ್ತದೆಂಬ ಲೆಕ್ಕ ಹಿಂದಿನ ವರ್ಷದ ತರಗತಿಗೆ ಕಬ್ಬಿಣದ ಕಡಲೆಯಾಗಿತ್ತು. ಮೂವತ್ತೊಂದು ಮಂದಿ ಫೇಲಾಗಿದ್ದರು. ಆಡುತ್ತ ಕಲಿಯಲಿ ಎಂದು ಮೇಡಂ ತಮ್ಮ ರಜೆಗಳನ್ನೆಲ್ಲ ಈ ಆಟಕ್ಕೇ ಸುರಿದಿದ್ದರು.

ಗದ್ದಲ ಕೇಳಿ ವಿಭಾಗದ ಮುಖ್ಯಸ್ಥರು ಬಂದರು.

"ಏನ್ರೀ ಮೇಡಂ, ಕಟ್ಟೋದು ಕಲಿಸ್ತಿದ್ದೀರೋ, ಕೆಡವೋದೋ? ಈ ಸಲವೂ ಅಷ್ಟೇ ಜನ ಫೇಲಾದ್ರೆ ಆಟ ಬಂದ್. ನೀವು ವಾಪಸ್ ಸಿಮೆಂಟ್ ಪರೀಕ್ಷೆ ಕೋಣೆಗೆ!"

ಆ ಸಂಜೆ ಮನೆಯಲ್ಲಿ ಮೇಡಂ ಮುಖ ಸಪ್ಪಗೆ ಮಾಡಿಕೊಂಡು ಅದೇ ಆಟ ತೆರೆದರು. ನಲವತ್ತು ವರ್ಷ ಬಟ್ಟೆ ಹೊಲಿದಿದ್ದ ಅತ್ತೆ ಪಕ್ಕದಲ್ಲಿ ಬಂದು ಕುಳಿತು, ಲಾರಿ ಹೊರಡುವ ಮೊದಲೇ ಪರದೆಯ ಮೇಲೆ ಬೆರಳಿಟ್ಟರು.

"ಇಲ್ಲೇ ಕಿತ್ಕೊಳತ್ತೆ, ನೋಡ್ತಿರು."

ಅಲ್ಲೇ ಕಿತ್ತಿತು.

"ಅತ್ತೆ! ನಿಮಗೆ ಹೇಗೆ ಗೊತ್ತಾಯ್ತು?"

"ಎಳೆತ ಎಲ್ಲಾ ಅಲ್ಲೇ ಇದೆಯಲ್ಲೇ. ಬಿಗಿ ಅಂಗಿ ಕಂಕುಳಲ್ಲಿ ತಾನೇ ಬಿರಿಯೋದು? ನಿನ್ನ ಗಂಡನ ಅಂಗಿಗಳನ್ನ ನೋಡಿಲ್ವಾ?"

ಮೇಡಂ ನಕ್ಕರು, ನಗುತ್ತಲೇ ಯೋಚನೆಗೆ ಬಿದ್ದರು. ಬೀಳುವುದನ್ನು ನೋಡುವ ಆಸೆ ತಪ್ಪಲ್ಲ, ಎಲ್ಲಿ ಬೀಳುತ್ತದೆಂದು ತಿಳಿಯದೆ ನೋಡುವುದು ತಪ್ಪು. ಮರುವಾರ ನಿಯಮ ಬದಲಾಯಿತು. ಯಾವ ಸರಳು ಮೊದಲು ಮುರಿಯುತ್ತದೆಂದು ವಿದ್ಯಾರ್ಥಿಯೇ ಮುಂಚಿತವಾಗಿ ಗುರುತು ಹಾಕಬೇಕು. ಗುರುತು ತಪ್ಪಿದರೆ ಲಾರಿ ಕದಲುವುದೇ ಇಲ್ಲ.

"ಅನ್ಯಾಯ ಮೇಡಂ! ಬೀಳಿಸೋಕೂ ಲೆಕ್ಕ ಮಾಡ್ಬೇಕಾ?" ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ರೇಗಿದಳು.

"ಮಾಡಮ್ಮ. ಆಮೇಲೆ ಕೈ ನೋಯುವಷ್ಟು ಬೀಳಿಸು."

ಕಣ್ಣಂದಾಜಿನಲ್ಲಿ ಗುರುತು ಹಾಕಿದವರು ಎರಡೇ ದಿನದಲ್ಲಿ ಸುಸ್ತಾದರು. ಚೀಲಗಳಿಂದ ಕಾಗದ, ಪೆನ್ನು ಹೊರಬಂದವು. ಲೆಕ್ಕ ಸರಿಬಂದವರ ಸುತ್ತ ಗುಂಪು ಕಟ್ಟಿ, "ಹೇಗೋ, ಹೇಳೋ" ಎಂಬ ಗೋಗರೆತ ಶುರುವಾಯಿತು.

ಆ ವರ್ಷ ಫೇಲಾದವರು ಹನ್ನೊಂದೇ ಮಂದಿ. ಮುಖ್ಯಸ್ಥರು ಫಲಿತಾಂಶದ ಪಟ್ಟಿಯನ್ನು ಎರಡು ಸಲ ಓದಿ, "ಆಟ ಇರಲಿ ಬಿಡಿ," ಎಂದರು.

ಈಗ ಶನಿವಾರಗಳಂದು ಮೇಡಂ ಆ ಹನ್ನೊಂದು ಮಂದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಲೆಕ್ಕ ಬಿಡಿಸುತ್ತಾರೆ. ಬಿಡುವು ಸಿಕ್ಕಾಗ, ಮೆತ್ತನೆ ಮಣ್ಣಿನ ಮೇಲೆ ಮನೆ ಕಟ್ಟುವ ಹೊಸ ಆಟವೊಂದನ್ನು ಸಿದ್ಧಪಡಿಸುತ್ತಿದ್ದಾರೆ.